ಜಂತುಹುಳು ಪತ್ತೆ: ಲ್ಯಾಬ್‌ನಲ್ಲಿ ಗುರುತು ಹಿಡಿಯೋದು ಹೇಗೆ?

ಅರೇಹಳ್ಳಿ: ಬಯಲು ಶೌಚವಿರುವ ಕಡೆ ತೋಟದ ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳುವಿನ ಮರಿ ಚರ್ಮದ ಮೂಲಕವೇ ಮೈ ಸೇರಬಹುದು. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳು ಹೆಚ್ಚಾದರೆ ಸುಸ್ತು, ರಕ್ತಹೀನತೆ.

ಪತ್ತೆ: ಮಲ ಪರೀಕ್ಷೆಯಲ್ಲಿ ಮೊಟ್ಟೆ ಹುಡುಕುತ್ತಾರೆ. ಮೊಟ್ಟೆ ಯಾವ ಹುಳುವಿನದು ಎಂದು ಹೋಲಿಸಿ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಚಿತ್ರ ಕೈಪಿಡಿ ಇದೆ. ಮೊದಲು ಬಂದಿದ್ದು 1994ರಲ್ಲಿ, 2ನೇ ಆವೃತ್ತಿ 2019ರಲ್ಲಿ. ಕೊಕ್ಕೆಹುಳು ಮೊಟ್ಟೆಗೆ ತೆಳು ಸಿಪ್ಪೆ. ಚಾಟಿಹುಳು ಮೊಟ್ಟೆಗೆ ಎರಡೂ ತುದಿಯಲ್ಲಿ ಬಿರಡೆ.

ಗಮನಿಸಿ: ಮಾದರಿ ತಡವಾದರೆ ಕೊಕ್ಕೆಹುಳು ಮೊಟ್ಟೆ ಒಡೆದು ಮರಿಯಾಗಿ, ಗುರುತು ತಪ್ಪಬಹುದು. ಸ್ವಚ್ಛ ಡಬ್ಬಿಯಲ್ಲಿ ಆದಷ್ಟು ಬೇಗ ಲ್ಯಾಬ್‌ಗೆ ಕೊಡಿ. ರಿಪೋರ್ಟ್‌ನಲ್ಲಿ ಏನೂ ಇಲ್ಲ ಅಂತ ಬಂದರೂ ಸುಸ್ತು ಬಿಡದಿದ್ದರೆ ವೈದ್ಯರನ್ನು ಕೇಳಿ ಮತ್ತೊಮ್ಮೆ ಮಾಡಿಸಿ.