ಹಳಿಯ ಅಧಿಕಾರ ಹಳಿಯಷ್ಟಕ್ಕೇ

ಸೊಲ್ಲಾಪುರದಿಂದ ಕಲಬುರಗಿಯ ಕಡೆಗೆ ರೈಲಿನಲ್ಲಿ ಹೊರಟರೆ ಅಕ್ಕಲಕೋಟ ರೋಡ, ಬೋರೋಟಿ, ದುಧನಿ ದಾಟಿದ ಮೇಲೆ ರಾಜ್ಯ ಬದಲಾಗುತ್ತದೆ. ಫಲಕದ ಮೇಲಿನ ಮರಾಠಿ ಹೋಗಿ ಕನ್ನಡ ಬರುತ್ತದೆ, ಅಷ್ಟೇ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಸೊಲ್ಲಾಪುರ ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿತ್ತು. ಅಕ್ಕಲಕೋಟ ಭೋಸಲೆ ಅರಸರ ಸಂಸ್ಥಾನ. ಕಲಬುರಗಿ ಹೈದರಾಬಾದ ನಿಜಾಮರ ಸೀಮೆ. ಒಂದು ದಿನದ ದಾರಿಯಲ್ಲಿ ಮೂರು ದೊರೆತನ.

1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು. 1871ರಲ್ಲಿ ಅದೇ ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಆಗ ಒಂದು ತೊಡಕು ಎದ್ದಿತು. ಓಡುವ ಗಾಡಿಯಲ್ಲಿ ಕಳವಾದರೆ ಯಾವ ಸರಕಾರದ ಪೊಲೀಸರು ಹಿಡಿಯಬೇಕು? ಇದಕ್ಕಾಗಿ ಇಂಗ್ಲಿಷರು ಸಂಸ್ಥಾನಿಕರಿಂದ ರೈಲ್ವೆ ಜಮೀನಿನ ಮೇಲಿನ ದಿವಾಣಿ, ಫೌಜದಾರಿ ಅಧಿಕಾರವನ್ನು ಬರೆಯಿಸಿಕೊಂಡರು. ನೆಲ ನಿಜಾಮರದು, ಸ್ಟೇಶನ್ನಿನಲ್ಲಿ ನಡೆಯುವ ಕಾಯ್ದೆ ಇಂಗ್ಲಿಷರದು.

1895ರಲ್ಲಿ ಈ ಏರ್ಪಾಟು ಪರೀಕ್ಷೆಗೆ ಬಂತು. ವಾಡಿ–ಸಿಕಂದರಾಬಾದ ಹಾದಿಯ ಶಂಕರಪಲ್ಲಿ ಸ್ಟೇಶನ್ನಿನಲ್ಲಿ ಮಹಮ್ಮದ ಯೂಸುಫುದ್ದೀನ ಎಂಬವರನ್ನು ಹಿಡಿದರು. ಅವರು ನಿಜಾಮರ ಪ್ರಜೆ. ವಾರಂಟು ಹೊರಡಿಸಿದವರು ದೂರದ ಸಿಮ್ಲಾದ ಮ್ಯಾಜಿಸ್ಟ್ರೇಟರು. ಆರೋಪ ಲಂಚಕ್ಕೆ ಸಂಬಂಧಿಸಿದ್ದು. ರೈಲಿಗೂ ಅದಕ್ಕೂ ಯಾವ ನಂಟೂ ಇರಲಿಲ್ಲ. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1897ರಲ್ಲಿ ಇಂಗ್ಲಿಷರ ಆ ಕೋರ್ಟೇ ಇಂಗ್ಲಿಷ ಸರಕಾರದ ವಿರುದ್ಧ ತೀರ್ಪು ಕೊಟ್ಟಿತು. ನಿಜಾಮರು ಬಿಟ್ಟುಕೊಟ್ಟದ್ದು ರೈಲ್ವೆಯ ಆಡಳಿತಕ್ಕೆ ಬೇಕಾದಷ್ಟು ಅಧಿಕಾರ ಮಾತ್ರ. ಅದನ್ನು ಹಿಡಿದುಕೊಂಡು, ಬೇರೆಲ್ಲೋ ನಡೆದ ಅಪರಾಧಕ್ಕಾಗಿ ನಿಜಾಮರ ಪ್ರಜೆಯನ್ನು ಅವರದೇ ಸೀಮೆಯಲ್ಲಿ ಹಿಡಿಯುವುದು ಕಾಯ್ದೆಗೆ ವಿರುದ್ಧ ಎಂದಿತು.

ಹಾಗಾದರೆ ಆರೋಪಿ ತಪ್ಪಿಸಿಕೊಳ್ಳಬೇಕಾಗಿತ್ತೇ ಎಂದು ನೀವು ಕೇಳಬಹುದು. ಹಾಗಲ್ಲ. ನಿಜಾಮ ಸರಕಾರಕ್ಕೆ ಕೇಳಿ, ಅವರ ಕೈಯಿಂದ ಒಪ್ಪಿಸಿಕೊಳ್ಳುವ ದಾರಿ ಇತ್ತು. ಆ ದಾರಿ ಬಿಟ್ಟದ್ದೇ ಅಲ್ಲಿನ ತಪ್ಪು. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಹೊಸದಲ್ಲ. ಪೆನ್ಶನ್ ತೆಗೆಯಲು ಮಗನಿಗೆ ಮುಖತ್ಯಾರ ಪತ್ರ ಕೊಟ್ಟರೆ, ಅದೇ ಪತ್ರದ ಮೇಲೆ ಅವನು ತಂದೆಯ ಹೊಲ ಮಾರಲಾಗದು.

ಇದೆಲ್ಲ ಹಳೆಯ ಕಥೆ ಎನ್ನಬೇಡಿರಿ. ಇಂದು ನಮ್ಮ ಭಾಗದ ಮಕ್ಕಳು ಓದಲಿಕ್ಕೆ, ದುಡಿಯಲಿಕ್ಕೆ ಅಮೆರಿಕೆಗೆ ಹೋಗುತ್ತಾರೆ. ಅಬುಧಾಬಿಯ ಮೇಲೆ ಹಾಯ್ದು ಹೋಗುವವರ ತಪಾಸಣೆಯನ್ನು ಅಮೆರಿಕೆಯ ಅಧಿಕಾರಿಗಳು ಅಲ್ಲಿಯೇ, ವಿಮಾನ ಹತ್ತುವ ಮೊದಲೇ ಮುಗಿಸುತ್ತಾರೆ. ಅಲ್ಲಿ ಈ ಏರ್ಪಾಟು ಆರಂಭವಾದದ್ದು 2014ರಲ್ಲಿ. ಕೆನಡಾದ ಟೊರಾಂಟೊದಲ್ಲಿ 1952ರಲ್ಲಿಯೇ ಶುರುವಾಗಿತ್ತು. ಐರ್ಲೆಂಡಿನಲ್ಲಿಯೂ ಇದೆ. ನೆಲ ಒಬ್ಬರದು, ಅಧಿಕಾರಿ ಇನ್ನೊಬ್ಬರವ: ಶಂಕರಪಲ್ಲಿ ಸ್ಟೇಶನ್ನಿನ ಪ್ರಶ್ನೆಯೇ ಇಲ್ಲಿಯೂ ಬರುತ್ತದೆ.

ಕೆನಡಾ ಇದಕ್ಕೆ ಕಾಯ್ದೆಯಲ್ಲಿ ಉತ್ತರ ಬರೆದಿದೆ. 2019ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಅಮೆರಿಕೆಯ ಅಧಿಕಾರಿ ಪ್ರಶ್ನೆ ಕೇಳಬಹುದು, ಸಾಮಾನು ಶೋಧಿಸಬಹುದು, ಪ್ರವೇಶ ನಿರಾಕರಿಸಬಹುದು. ಆದರೆ ಯಾರನ್ನೂ ದಸ್ತಗಿರಿ ಮಾಡುವಂತಿಲ್ಲ. ಸಂಶಯಕ್ಕೆ ಆಧಾರವಿದ್ದರೆ ತಡೆದು ನಿಲ್ಲಿಸಿ, ಬೇಗನೆ ಕೆನಡಾದ ಅಧಿಕಾರಿಗೆ ಒಪ್ಪಿಸಬೇಕು. ಆ ಕೋಣೆಯಲ್ಲಿಯೂ ನಡೆಯುವುದು ಕೆನಡಾದ ಕಾಯ್ದೆಯೇ. ಹೋಗುವುದು ಬೇಡವೆಂದು ಪ್ರಯಾಣಿಕ ಹಿಂದಿರುಗಬಹುದು. ಆದರೆ ಕೇಳಿದರೆ ತನ್ನ ಗುರುತನ್ನೂ ಹಿಂದಿರುಗುವ ಕಾರಣವನ್ನೂ ಹೇಳಬೇಕು. 1999ರ ಹಿಂದಿನ ಕಾಯ್ದೆಯಲ್ಲಿ ಹಿಂದಿರುಗುವವನಿಗೆ ಇಷ್ಟು ಕಟ್ಟುಪಾಡು ಇರಲಿಲ್ಲವೆಂದು ಅಲ್ಲಿನ ಜನ ಆಕ್ಷೇಪಿಸಿದ್ದೂ ಉಂಟು.

ನಿಜಾಮರ ಕಾಲದಲ್ಲಿ ಅಧಿಕಾರದ ಮೇರೆ ಎಲ್ಲಿಯದೆಂದು ತಿಳಿಯಲು ಒಬ್ಬ ಮನುಷ್ಯ ಸೆರೆಯಾಗಬೇಕಾಯಿತು, ಲಂಡನ್ನಿನವರೆಗೆ ಹೋರಾಡಬೇಕಾಯಿತು. ಅಷ್ಟು ದೂರ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ ಮೇರೆಯನ್ನು ಮೊದಲೇ ಬರೆದಿಡುವುದು ಲೇಸು, ಬರೆದದ್ದು ಪ್ರಯಾಣಿಕನಿಗೆ ತಿಳಿದಿರುವುದು ಇನ್ನೂ ಲೇಸು. ಅಕ್ಕಲಕೋಟ ಸಂಸ್ಥಾನ, ನಿಜಾಮರ ಆಳಿಕೆ ಎರಡೂ 1948ರಲ್ಲಿ ಮುಗಿದವು. ಗಡಿಗಳು ಮಾತ್ರ ಬೇರೆ ರೂಪದಲ್ಲಿ ನಮ್ಮ ಮಕ್ಕಳ ಎದುರಿಗೆ ಬರುತ್ತಲೇ ಇವೆ. ದೂರದೇಶಕ್ಕೆ ಹೊರಟ ಮಗನಿಗೆ, ಮಗಳಿಗೆ ಬುತ್ತಿ ಕಟ್ಟುವಾಗ ಇಷ್ಟು ಹೇಳಿ ಕಳಿಸಿರಿ: ತಪಾಸಣೆಗೆ ನಿಂತಾಗ ನಿಜವನ್ನೇ ಹೇಳು, ಎದುರಿಗಿದ್ದವನ ಅಧಿಕಾರ ಎಷ್ಟೆಂಬುದನ್ನೂ ತಿಳಿದುಕೊಂಡಿರು.