ಮೈಸೂರಿನಲ್ಲಿ ಮರಳಿ ದೊರೆತ ಅರ್ಥಶಾಸ್ತ್ರ

ಹಳೆಯ ಹಸ್ತಪ್ರತಿಗಳ ಶೋಧವೂ ಮುದ್ರಣವೂ ಯುರೋಪಿನ ಪುನರುಜ್ಜೀವನಕ್ಕೆ ಬುನಾದಿಯಾದವು. 1417ರಲ್ಲಿ ಇಟಲಿಯ ವಿದ್ವಾಂಸ ಪೊಜಿಯೊ ಬ್ರಾಚೊಲಿನಿಗೆ ದೊರೆತ ರೋಮನ್ ಕವಿ ಲುಕ್ರೀಷಿಯಸ್‌ನ ಕಾವ್ಯವು ಪರಮಾಣುವಾದಕ್ಕೆ ಮರುಜೀವ ನೀಡಿತು. ಅಂಥದೇ ಶೋಧಕ್ಕೆ ಮೈಸೂರು ಸಾಕ್ಷಿಯಾಗಿದೆ.

1891ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದನ್ನು ಒಪ್ಪಿಸಿದ್ದರು. ಅದು ಇತರ ಕೃತಿಗಳ ಉಲ್ಲೇಖಗಳಿಂದಷ್ಟೇ ತಿಳಿದಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು.

ತೆರಿಗೆ, ನ್ಯಾಯ, ಗಣಿ, ಗೂಢಚರ್ಯೆಗಳನ್ನು ವಿವರಿಸುವ ಈ ಕೃತಿಯಿಂದ, ಭಾರತೀಯರಿಗೆ ರಾಜ್ಯಶಾಸ್ತ್ರದ ಪರಂಪರೆಯೇ ಇರಲಿಲ್ಲವೆಂಬ ವಾದ ಕುಸಿಯಿತು. ಆ ತಾಳೆಗರಿ ಪ್ರತಿಯು ಇಂದಿಗೂ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ.