ಉಷ್ಣವಲಯದ ಕಟ್ಟಡಗಳಲ್ಲಿ ಕಿಟಕಿ ಶಾಖದ ಲೆಕ್ಕ

ಕಿಟಕಿಯ ಗಾಜಿನಿಂದ ಶಾಖ ಒಳಬರುವುದು ಎರಡು ದಾರಿಯಲ್ಲಿ. ಹೊರಗಾಳಿ ಒಳಗಾಳಿಗಿಂತ ಬಿಸಿಯಾಗಿದ್ದರೆ ಶಾಖ ಗಾಜಿನ ಮೂಲಕ ಹಾಯುತ್ತದೆ. ಬಿಸಿಲಾದರೆ ಗಾಜನ್ನು ನೇರವಾಗಿ ದಾಟಿ ನೆಲ, ಗೋಡೆ, ಮೇಜುಗಳ ಮೇಲೆ ಬಿದ್ದು ಅವನ್ನು ಕಾಯಿಸುತ್ತದೆ. ಉಷ್ಣವಲಯದಲ್ಲಿ ಎರಡನೆಯದರ ಪಾಲೇ ಹೆಚ್ಚು. ಸೂತ್ರಗಳು ಅದಕ್ಕೆ ತಕ್ಕ ತೂಕ ಕೊಡಲು ಕಾಲ ಹಿಡಿಯಿತು.

ಗೋಡೆ, ಕಿಟಕಿ, ಬಿಸಿಲು ಮೂರನ್ನೂ ಕೂಡಿಸಿ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಹೇಳುವ 'ಓಟಿಟಿವಿ' ಮಾನ ಬಂದದ್ದು ಅಮೆರಿಕದ ಆಶ್ರೇ ಸಂಸ್ಥೆಯ 1975ರ ಮಾನದಂಡದಲ್ಲಿ, ತೈಲ ಬಿಕ್ಕಟ್ಟಿನ ಬೆನ್ನಿಗೇ. ಸಿಂಗಾಪುರ 1979ರಲ್ಲಿ ಅದನ್ನು ಎ.ಸಿ. ಕಟ್ಟಡಗಳಿಗೆ ಕಡ್ಡಾಯ ಮಾಡಿ, ಮಿತಿಯನ್ನು 45 ವ್ಯಾಟ್‌ಗೆ ಇಟ್ಟಿತು. ಅಲ್ಲಿನ ಸೂತ್ರದಲ್ಲಿ ಗಾಜಿನ ಹಾಯುವಿಕೆಗೆ ಗುಣಕ 5, ಬಿಸಿಲಿಗೆ 130. ಮರುಪರಿಶೀಲನೆಯಲ್ಲಿ ಬಿಸಿಲಿನ ಪಾಲು ಕಡಿಮೆಯಾಗಿ ಎಣಿಕೆಯಾಗಿದ್ದು ಕಂಡಿತು. 2004ರಲ್ಲಿ ಜಾರಿಗೆ ಬಂದ 'ಇಟಿಟಿವಿ' ಎಂಬ ಪರಿಷ್ಕೃತ ಮಾನದಲ್ಲಿ ಇವೇ ಗುಣಕಗಳು 3.4 ಮತ್ತು 211 ಆದವು, ಮಿತಿ 50 ವ್ಯಾಟ್ ಆಯಿತು.

ಒಂದು ಗೋಡೆಯಲ್ಲಿ ಶೇ 40 ಗಾಜು, ಅದರ ನೆರಳಿನ ಗುಣಾಂಕ (ಸಾದಾ ಗಾಜಿಗೆ ಹೋಲಿಸಿದರೆ ಒಳಬಿಡುವ ಬಿಸಿಲಿನ ಪಾಲು) 0.5 ಎಂದುಕೊಳ್ಳೋಣ. ಸಿಂಗಾಪುರದ ಕೋಷ್ಟಕದಲ್ಲಿ ಪಶ್ಚಿಮಕ್ಕೆ ದಿಕ್ಕಿನ ಗುಣಕ 1.23, ಉತ್ತರಕ್ಕೆ 0.80. ಇವನ್ನೆಲ್ಲ 211ರೊಂದಿಗೆ ಗುಣಿಸಿದರೆ, ಗೋಡೆ ಪಶ್ಚಿಮದ್ದಾದಾಗ ಬಿಸಿಲೊಂದರಿಂದಲೇ ಸುಮಾರು 52 ವ್ಯಾಟ್, ಉತ್ತರದ್ದಾದರೆ 34. ಮಿತಿ ಅನ್ವಯಿಸುವುದು ಎಲ್ಲ ಗೋಡೆಗಳ ಸರಾಸರಿಗೆ. ಹಾಗಾಗಿ ಪಶ್ಚಿಮದ ತಪ್ಪನ್ನು ಉತ್ತರದಲ್ಲಿ ಸರಿದೂಗಿಸಬಹುದು. ಇದು ಸೂತ್ರದ ಅನುಕೂಲವೂ ಹೌದು, ದೌರ್ಬಲ್ಯವೂ ಹೌದು: ಪಡುವಣ ಕೋಣೆಯಲ್ಲಿ ಕೂತವರಿಗೆ ಸರಾಸರಿಯಿಂದ ತಂಪಾಗುವುದಿಲ್ಲ. ಎ.ಸಿ. ಯಂತ್ರದ ಗಾತ್ರ ಗೊತ್ತುಮಾಡಲೂ ಈ ಮಾನ ಸಾಲದು. ನೆಲ, ಗೋಡೆ ಹೀರಿದ ಬಿಸಿಲು ಕೋಣೆಯ ಗಾಳಿಗೆ ಬರುವುದು ತಡವಾಗಿ. ಅದನ್ನು ಗಂಟೆಗಂಟೆಗೆ ಲೆಕ್ಕ ಹಾಕಬೇಕಾಗುತ್ತದೆ.

ಭಾರತದಲ್ಲಿ ವಾಣಿಜ್ಯ ಕಟ್ಟಡಗಳಿಗೆ 2007ರ ಇಂಧನ ಸಂರಕ್ಷಣಾ ಸಂಹಿತೆ ಗಾಜಿಗೇ ಮಿತಿ ಹಾಕಿತು. ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತಾ, ಚಳಿ ಪ್ರದೇಶ ಬಿಟ್ಟು ಉಳಿದೆಡೆ, ಚಾವಣಿಯನ್ನು ಸೇರಿಸದೆ, ಇಂಥದೇ ಮಾನಕ್ಕೆ 15 ವ್ಯಾಟ್ ಮಿತಿ ಇಟ್ಟಿತು. ಸಮಶೀತೋಷ್ಣ ವಲಯದ ಬೆಂಗಳೂರಿನಲ್ಲಿ ಗಾಜಿನ ಹಾಯುವಿಕೆಗೆ ಗುಣಕ ಬರೀ 0.37; ಬಿಸಿಲಿಗೆ 63.69. ಬಿಸಿಲನ್ನು ಹೊರಗೇ ತಡೆಯುವ ಸಜ್ಜಾ ಅಲ್ಲಿ ಎರಡು ಪದರದ ಗಾಜಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಇದರಿಂದಲೇ. ಬಿಸಿಲು ಯಾವ ದಿಕ್ಕಿನ ಗೋಡೆಗೆ ಬೀಳುತ್ತದೆ ಎಂಬುದು ಅಕ್ಷಾಂಶದ ಮೇಲೂ ನಿಂತಿದೆ: ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ದೆಹಲಿಯಲ್ಲಿ ಎಂದೂ ಹಾಗಾಗುವುದಿಲ್ಲ. ಇಕೋ ನಿವಾಸ್ ಸಂಹಿತೆಯೂ 23.5 ಡಿಗ್ರಿ ಅಕ್ಷಾಂಶದ ಎರಡು ಬದಿಗೆ ಬೇರೆ ಬೇರೆ ದಿಕ್ಕಿನ ಗುಣಕಗಳನ್ನು ಕೊಡುತ್ತದೆ.